ಹಾಸಿಗೆ ಹೊತ್ತು ನಡೆಯುವ ಪಾಠ

ಮಾರ್ಕನು ಬರೆದ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಬರುವ ಪಾರ್ಶ್ವವಾಯು ರೋಗಿಯ ಪ್ರಸಂಗವನ್ನು ಕೇಳದ ಕಥೋಲಿಕ ಕುಟುಂಬವಿಲ್ಲ. ಕಫೆರ್ನವುಮ್ ಊರಿನ ಮನೆಯೊಂದರಲ್ಲಿ ಯೇಸುಸ್ವಾಮಿ ಬೋಧಿಸುತ್ತಿದ್ದಾಗ ನಾಲ್ವರು ಒಬ್ಬ ರೋಗಿಯನ್ನು ಹಾಸಿಗೆಸಮೇತ ಹೊತ್ತು ತಂದರು. ಬಾಗಿಲಲ್ಲಿ ದಾರಿ ಸಿಗದಷ್ಟು ಜನ. ಅವರು ಮಾಳಿಗೆ ಹತ್ತಿ, ಛಾವಣಿ ತೆರೆದು, ಆತನನ್ನು ಕೆಳಗಿಳಿಸಿದರು. ಪೂಜೆಯ ಪ್ರಬೋಧನೆಗಳಲ್ಲಿ ಆ ನಾಲ್ವರ ವಿಶ್ವಾಸವನ್ನು ಕುರಿತು ನಾವು ಬಹಳ ಕೇಳಿದ್ದೇವೆ, ಕೇಳಬೇಕಾದದ್ದೇ. ಆದರೆ ಪ್ರಸಂಗದ ಕೊನೆಯಲ್ಲಿರುವ ಒಂದು ಸಣ್ಣ ಸಂಗತಿಯ ಕಡೆಗೆ ನಮ್ಮ ಗಮನ ಅಷ್ಟಾಗಿ ಹೋಗುವುದಿಲ್ಲ. ಹಾಸಿಗೆಯನ್ನು ಮರಳಿ ಹೊತ್ತೊಯ್ಯುವ ಕೆಲಸವನ್ನು ಪ್ರಭು ಆ ನಾಲ್ವರಿಗೆ ಹೇಳಲಿಲ್ಲ; ರೋಗಿಗೇ ಹೇಳಿದರು.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ನಮ್ಮ ಮನೆಗಳಲ್ಲಿ ಹೊರುವವರಿಗೆ ಇನ್ನೂ ಕೊರತೆ ಬಂದಿಲ್ಲ. ತಂದೆಗೆ ಲಕ್ವ ಹೊಡೆದರೆ, ಅಜ್ಜಿಯ ಕೈ ನಡುಗತೊಡಗಿದರೆ, ಮಕ್ಕಳು ಸೊಸೆಯಂದಿರು ಸೇವೆಗೆ ನಿಲ್ಲುತ್ತಾರೆ. "ತಾತ, ನೀವು ಏಳ್ಬೇಡಿ, ನೀರು ನಾನ್ ತಂದ್ಕೊಡ್ತೀನಿ", "ಅತ್ತೆ, ಬಿದ್ಗಿದ್ದೀರ, ಸುಮ್ನೆ ಕೂತ್ಕೊಳಿ" ಎಂಬ ಮಾತುಗಳು ಪ್ರೀತಿಯಿಂದಲೇ ಹೊರಡುತ್ತವೆ. ಆರು ತಿಂಗಳು ಕಳೆಯುವಷ್ಟರಲ್ಲಿ ತಾತ ನಿಜವಾಗಿಯೂ ಏಳಲಾರದ ಸ್ಥಿತಿಗೆ ಬಂದಿರುತ್ತಾರೆ. ಅದು ರೋಗದ ಫಲವೆಂದು ಎಲ್ಲರೂ ತಿಳಿಯುತ್ತಾರೆ. ಅರ್ಧ ರೋಗದ ಫಲ, ಇನ್ನರ್ಧ ಕೂತದ್ದರ ಫಲ ಎಂಬುದನ್ನು ಹೇಳಲೆಂದೇ ಈ ವಾರದ ಅಂಕಣವನ್ನು ಮೀಸಲಿಟ್ಟಿದ್ದೇವೆ.

ಕೂತರೆ ಏನಾಗುತ್ತದೆ ಎಂಬುದಕ್ಕೆ ಲೆಕ್ಕವಿದೆ. 2007ರಲ್ಲಿ ಅಮೆರಿಕದ ಸಂಶೋಧಕರು ಆರೋಗ್ಯವಂತರಾದ ಕೆಲವು ವೃದ್ಧರನ್ನು ಹತ್ತು ದಿನ ಹಾಸಿಗೆಯಲ್ಲೇ ಮಲಗಿಸಿ ಪರೀಕ್ಷಿಸಿದರು. ಹತ್ತೇ ದಿನಗಳಲ್ಲಿ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ಯಾವ ಕಾಯಿಲೆಯೂ ಇಲ್ಲದವರ ಪಾಡು ಇದಾದರೆ, ತಿಂಗಳುಗಟ್ಟಲೆ ಮಲಗುವ ರೋಗಿಯದು ಹೇಗಿದ್ದೀತು? ಇದಕ್ಕೆ ವಿರುದ್ಧವಾದ ಇನ್ನೊಂದು ಪರೀಕ್ಷೆ 1990ರಷ್ಟು ಹಿಂದೆಯೇ ನಡೆದಿತ್ತು. ಬಾಸ್ಟನ್ ನಗರದ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಕಾಲಿನಿಂದ ಭಾರ ಎತ್ತುವ ವ್ಯಾಯಾಮವನ್ನು ಎಂಟು ವಾರ ಕಲಿಸಿದರು. ಕೊನೆಯವರೆಗೆ ಉಳಿದವರ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತ್ತು. ತೊಂಬತ್ತರಲ್ಲಿ! "ಇನ್ನು ಈ ವಯಸ್ಸಿಗೆ ಏನು ವ್ಯಾಯಾಮ" ಎನ್ನುವವರು ಈ ಅಂಕಿಯನ್ನು ನೆನಪಿಟ್ಟುಕೊಳ್ಳಬೇಕು.

ಫಿಸಿಯೋಥೆರಪಿ ಎಂದರೆ ನಮ್ಮ ಕಡೆ ಸಾಮಾನ್ಯವಾಗಿ "ಕರೆಂಟು ಇಡಿಸಿಕೊಂಡು ಬರುವುದು". ಮಂಡಿಗೋ ಸೊಂಟಕ್ಕೋ ಹತ್ತು ದಿನ ಶಾಖ ಕೊಡಿಸಿಕೊಂಡರೆ ಚಿಕಿತ್ಸೆ ಮುಗಿಯಿತೆಂದು ಭಾವಿಸುತ್ತೇವೆ. ನೋವಿಗೆ ಅದರಿಂದ ಅಷ್ಟಿಷ್ಟು ಉಪಶಮನವಾದೀತು, ಬೇಡವೆನ್ನುವುದಿಲ್ಲ. ಆದರೆ ಮಿದುಳು ಮತ್ತು ನರಗಳ ಕಾಯಿಲೆಯಲ್ಲಿ ಫಿಸಿಯೋಥೆರಪಿಯ ತಿರುಳು ಇರುವುದು ಕಲಿಕೆಯಲ್ಲಿ. ಮಗು ನಡೆಯಲು ಕಲಿತಂತೆಯೇ ರೋಗಿಯೂ ನಡೆಯಲು ಮತ್ತೆ ಕಲಿಯಬೇಕು. ಕಲಿಸುವವರಿಗೆ ಅದರ ಶಾಸ್ತ್ರ ಗೊತ್ತಿರಬೇಕು, ಕಲಿಯುವವರಿಗೆ ದಿನದಿನದ ಅಭ್ಯಾಸವಿರಬೇಕು.

ಪಾರ್ಶ್ವವಾಯುವನ್ನೇ ತೆಗೆದುಕೊಳ್ಳೋಣ. ಮಿದುಳಿನ ಒಂದು ಭಾಗಕ್ಕೆ ರಕ್ತ ನಿಂತುಹೋಗಿ, ಇಲ್ಲವೇ ರಕ್ತನಾಳ ಒಡೆದು, ಅಲ್ಲಿಯ ಜೀವಕೋಶಗಳು ಸಾಯುತ್ತವೆ. ಕೈಕಾಲಿಗೆ ಏನೂ ಆಗಿರುವುದಿಲ್ಲ. ಅವಕ್ಕೆ ಅಪ್ಪಣೆ ಕೊಡುವ ಜಾಗಕ್ಕೆ ಪೆಟ್ಟು ಬಿದ್ದಿರುತ್ತದೆ. ಸತ್ತ ಜೀವಕೋಶ ಮರಳಿ ಬಾರದು. ಆದರೆ ಅಕ್ಕಪಕ್ಕದ ಭಾಗಗಳು ಆ ಕೆಲಸವನ್ನು ಅಷ್ಟಿಷ್ಟು ಕಲಿತುಕೊಳ್ಳಬಲ್ಲವು, ಮಿದುಳಿಗೆ ಅಂಥ ಗುಣವಿದೆ. ಅದು ಕಲಿಯುವುದು ರೋಗಿ ತಾನೇ ಯತ್ನಿಸಿ, ನೂರಾರು ಸಲ, ಒಂದೇ ಚಲನೆಯನ್ನು ಮಾಡಿದಾಗ. ನಮ್ಮ ಹಳ್ಳಿಗಳಲ್ಲಿ ಲಕ್ವಕ್ಕೆ ಎಣ್ಣೆ ತಿಕ್ಕುವುದುಂಟು, ಪಾರಿವಾಳದ ರಕ್ತ ಸವರುವುದೂ ಉಂಟು. ರಕ್ತ ಸವರುವುದರಿಂದ ಪಾರಿವಾಳದ ಜೀವ ಹೋಗುವುದಲ್ಲದೆ ಬೇರೇನೂ ಆಗದು. ಎಣ್ಣೆ ತಿಕ್ಕಿದರೆ ಹಿತವಾಗಬಹುದು, ಆದರೆ ಅಲ್ಲಿ ದುಡಿಯುವುದು ತಿಕ್ಕುವವರ ಕೈ. ರೋಗಿಯ ಮಿದುಳು ಯಾವ ಅಪ್ಪಣೆಯನ್ನೂ ಕಳುಹಿಸಿರುವುದಿಲ್ಲ.

ಮೊದಲ ಮೂರರಿಂದ ಆರು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ. ಅನಂತರವೂ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಹಾಗೆಂದು ಮೊದಲ ದಿನವೇ ಎಬ್ಬಿಸಿ ನಡೆಸುವ ಆತುರವೂ ಸಲ್ಲದು. ಮೊದಲ 24 ಗಂಟೆಯೊಳಗೆ ಹೆಚ್ಚು ಹೆಚ್ಚಾಗಿ ಎಬ್ಬಿಸಿ ನಿಲ್ಲಿಸಿದ ರೋಗಿಗಳಿಗೆ ಒಳಿತಿಗಿಂತ ಕೆಡುಕೇ ಹೆಚ್ಚಾಯಿತೆಂದು 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿದೆ. ಯಾವಾಗ ಆರಂಭಿಸಬೇಕೆಂಬುದನ್ನು ವೈದ್ಯರು ಹೇಳಬೇಕು. ಮನೆಯವರು ಮೊದಲ ದಿನದಿಂದಲೇ ಪಾಲಿಸಬಹುದಾದದ್ದು ಒಂದಿದೆ: ಸೋತ ಕೈಯನ್ನು ಹಿಡಿದೆಳೆದು ಎಬ್ಬಿಸಬಾರದು. ಶಕ್ತಿಯಿಲ್ಲದ ಸ್ನಾಯುಗಳು ಹೆಗಲಿನ ಕೀಲನ್ನು ಹಿಡಿದಿಡಲಾರವು. ಎಳೆದರೆ ಕೀಲು ಸರಿಯುತ್ತದೆ, ನೋವು ಶುರುವಾಗುತ್ತದೆ, ನೋವಿನ ಭಯಕ್ಕೆ ರೋಗಿ ವ್ಯಾಯಾಮವನ್ನೇ ಬಿಡುತ್ತಾರೆ. ಹೀಗೆ ಕೈ ಕಳೆದುಕೊಂಡವರು ನಮ್ಮ ಊರುಗಳಲ್ಲಿ ಬಹಳ ಮಂದಿ.

ಕೈ ತುಸು ಅಲುಗತೊಡಗಿದ ಮೇಲೆ ಬೆರಳುಗಳ ಅಭ್ಯಾಸಕ್ಕೆ ಆಸ್ಪತ್ರೆಯಲ್ಲಿ ರಬ್ಬರ್ ಚೆಂಡು, ಮಣಿ, ಗೂಟದ ಹಲಗೆ ಕೊಡುತ್ತಾರೆ. ನಮ್ಮ ಮನೆಗಳಲ್ಲಿ ಅದಕ್ಕಿಂತ ಒಳ್ಳೆಯ ಸಾಮಗ್ರಿಯಿದೆ. ಮಾಗಿಯಲ್ಲಿ ಅವರೆಕಾಯಿ ಸುಲಿಯುವುದು, ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿತಕುವುದು, ಹೂ ಕಟ್ಟುವುದು, ರೇಷ್ಮೆ ಬೆಳೆಯುವ ಮನೆಗಳಲ್ಲಿ ಗೂಡು ಬಿಡಿಸಿ ಆರಿಸುವುದು. ಇವೆಲ್ಲ ಬೆರಳಿಗೆ ಬೇಕಾದ ಚಲನೆಗಳೇ. ಒಂದು ಸೇರು ಕಾಳು ಹಿತಕುವಷ್ಟರಲ್ಲಿ ಬೆರಳು ನೂರಾರು ಸಲ ಮಡಿಸಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ದಿನದ ಸಾರಿಗೆ ಅಜ್ಜಿಯ ಕೈಯ ಕಾಳು ಬಿದ್ದಿರುತ್ತದೆ. ಜಪಮಾಲೆಯ ಮಣಿಯನ್ನೂ ಸೋತ ಕೈಯಲ್ಲೇ ಸರಿಸಲು ಹೇಳಿ, ತಡವಾದರೆ ಆಗಲಿ.

ಪಾರ್ಕಿನ್ಸನ್ ಕಾಯಿಲೆಯ ಸ್ವಭಾವ ಬೇರೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಅದನ್ನು ವಿವರಿಸಿ ಬರೆದರು. ಮಿದುಳಿನ ಆಳದಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ಕ್ರಮೇಣ ನಶಿಸುವುದು ಇದರ ಮೂಲ. ಕೈ ನಡುಕವನ್ನು ಎಲ್ಲರೂ ಗುರುತಿಸುತ್ತಾರೆ. ಗುರುತಿಸದಿರುವುದು ಉಳಿದವನ್ನು: ಹೆಜ್ಜೆ ಕಿರಿದಾಗುವುದು, ಅಕ್ಷರ ಸಣ್ಣಗಾಗುವುದು, ಮುಖದ ಮೇಲಿನ ಭಾವ ಅಳಿಸುವುದು, ದನಿ ಕುಗ್ಗುವುದು. ಇಂಥವರನ್ನು "ಸೋಮಾರಿಯಾದರು, ಮುಖ ಗಂಟಿಕ್ಕಿಕೊಂಡಿರುತ್ತಾರೆ" ಎಂದು ಮನೆಯವರು ದೂರುವುದುಂಟು. ಅದು ಅನ್ಯಾಯ. ಅವರ ಮಿದುಳಿಗೆ ಆ ಕಿರಿಯ ಹೆಜ್ಜೆಯೇ ಸರಿಯಾದ ಹೆಜ್ಜೆಯೆಂದು ತೋರುತ್ತಿರುತ್ತದೆ. ಆದ್ದರಿಂದ ವ್ಯಾಯಾಮದಲ್ಲಿ ಅವರಿಗೆ ಅತಿಯೆನಿಸುವಷ್ಟು ದೊಡ್ಡ ಹೆಜ್ಜೆ, ದೊಡ್ಡ ಕೈಬೀಸು, ದೊಡ್ಡ ದನಿ ಕಲಿಸುತ್ತಾರೆ. ಈ ತತ್ವದ ಮೇಲೆ ರೂಪಿಸಿದ "ಎಲ್‌ಎಸ್‌ವಿಟಿ ಬಿಗ್" ಎಂಬ ಪದ್ಧತಿಯಲ್ಲಿ ವಾರಕ್ಕೆ ನಾಲ್ಕು ದಿನ, ದಿನಕ್ಕೆ ಒಂದು ಗಂಟೆ, ನಾಲ್ಕು ವಾರಗಳ ತರಬೇತಿಯಿರುತ್ತದೆ.

ಈ ರೋಗಿಗಳ ಇನ್ನೊಂದು ಸಂಕಟ ನೋಡಿದವರನ್ನು ಬೆರಗುಗೊಳಿಸುತ್ತದೆ. ನಡೆಯುತ್ತ ನಡೆಯುತ್ತ ಬಾಗಿಲ ಬಳಿ, ಇಲ್ಲವೇ ತಿರುಗುವಾಗ, ಪಾದ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಾರೆ. ಸಮನೆಲದಲ್ಲಿ ನಿಂತುಹೋದ ಅದೇ ವ್ಯಕ್ತಿ ಮೆಟ್ಟಿಲನ್ನು ಸಲೀಸಾಗಿ ಹತ್ತಿಯಾರು. ಕಣ್ಣಿಗೆ ಒಂದು ಗುರುತು ಸಿಕ್ಕರೆ ಮಿದುಳು ಬೇರೊಂದು ದಾರಿಯಿಂದ ಹೆಜ್ಜೆಯನ್ನು ಎತ್ತಿಸುತ್ತದೆ ಎಂಬುದು ಇದರ ಗುಟ್ಟು. ನೆಲದ ಮೇಲೆ ಅಡ್ಡಲಾಗಿ ಬಣ್ಣದ ಟೇಪು ಅಂಟಿಸಿ, ಒಂದೊಂದೇ ಗೆರೆ ದಾಟಿ ಎಂದರೆ ದಾಟುತ್ತಾರೆ. ರಂಗೋಲಿ ಪುಡಿಯ ಗೆರೆಯಾದರೂ ಆದೀತು. "ಒಂದು, ಎರಡು" ಎಂದು ಎಣಿಸಿದರೂ, ತಾಳ ಹಾಕಿದರೂ ಹೆಜ್ಜೆ ಹೊರಡುತ್ತದೆ. ಹಿಂದಿನಿಂದ ನೂಕುವುದು, ಮುಂದಿನಿಂದ ಎಳೆಯುವುದು, "ಬೇಗ ಬೇಗ" ಎನ್ನುವುದು, ಈ ಮೂರೂ ಬೀಳಿಸುವ ದಾರಿಗಳು. ವ್ಯಾಯಾಮವನ್ನು ಮಾತ್ರೆಯ ಪ್ರಭಾವ ಚೆನ್ನಾಗಿರುವ ಹೊತ್ತಿನಲ್ಲಿ ಮಾಡಿಸಬೇಕು. ಆ ಹೊತ್ತು ಯಾವುದೆಂಬುದು ನಾಲ್ಕು ದಿನ ಗಮನಿಸಿದರೆ ಮನೆಯವರಿಗೇ ತಿಳಿಯುತ್ತದೆ. ಕುಟುಂಬದ ಪ್ರಾರ್ಥನೆಯಲ್ಲಿ ಒಂದು ರಹಸ್ಯದ ಜಪವನ್ನು ಅವರಿಗೇ ವಹಿಸಿ, ಗಟ್ಟಿಯಾಗಿ ಹೇಳಿಸಿದರೆ ಕುಗ್ಗುತ್ತಿರುವ ದನಿಗೂ ಅಭ್ಯಾಸವಾಗುತ್ತದೆ.

ಈ ಕಾಯಿಲೆಯನ್ನು ಲೋಕದ ಕಣ್ಣೆದುರೇ ಹೊತ್ತು ನಡೆದವರು ಎರಡನೆಯ ಜಾನ್ ಪೌಲ್ ಜಗದ್ಗುರುಗಳು. 1986ರ ಫೆಬ್ರುವರಿಯಲ್ಲಿ ಅವರು ಮಂಗಳೂರಿಗೆ ಬಂದಾಗ ಕಂಡವರು ಬೆಟ್ಟ ಹತ್ತುವ, ಹಿಮದಲ್ಲಿ ಜಾರುವ ಗಟ್ಟಿಮುಟ್ಟಾದ ದೇಹವನ್ನು ಕಂಡಿದ್ದರು. 1994ರ ಏಪ್ರಿಲ್‌ನಲ್ಲಿ ಅವರು ಸ್ನಾನದ ಮನೆಯಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಪಾರ್ಕಿನ್ಸನ್ ಇದೆಯೆಂಬುದನ್ನು ವ್ಯಾಟಿಕನ್ ಒಪ್ಪಿ ಹೇಳಿದ್ದು 2003ರಲ್ಲಿ. 2005ರ ಏಪ್ರಿಲ್ 2ರಂದು ತೀರಿಕೊಳ್ಳುವವರೆಗೂ ಅವರು ಜನರ ಮುಂದೆ ಬರುವುದನ್ನು ಬಿಡಲಿಲ್ಲ. ಇನ್ನು ಫ್ರಾನ್ಸಿಸ್ ಜಗದ್ಗುರುಗಳು 2025ರ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ರೋಮಿನ ಜೆಮೆಲ್ಲಿ ಆಸ್ಪತ್ರೆಯಲ್ಲಿದ್ದಾಗ ನಮ್ಮ ಮನೆಗಳಲ್ಲಿ ಪ್ರತಿ ಸಂಜೆ ಅವರ ಆರೋಗ್ಯದ ಸುದ್ದಿಗಾಗಿ ಕಾಯುತ್ತಿದ್ದೆವು. ಉಸಿರಾಟದ ಫಿಸಿಯೋಥೆರಪಿ, ಚಲನೆಯ ಫಿಸಿಯೋಥೆರಪಿ ಎಂಬ ಪದಗಳು ಆ ಪ್ರಕಟಣೆಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಆಗ ಅವರಿಗೆ 88 ವರ್ಷ. ಅಷ್ಟು ಮುಪ್ಪಿನಲ್ಲಿ, ಅಷ್ಟು ಕಾಯಿಲೆಯಲ್ಲಿ, ಜಗದ್ಗುರುಗಳಿಗೆ ವ್ಯಾಯಾಮ ಮಾಡಿಸುತ್ತಿದ್ದರು! ಇದನ್ನು ಓದಿದ ನಾವೇ ನಮ್ಮ ಮನೆಯ ಎಪ್ಪತ್ತರ ಹಿರಿಯರನ್ನು ಮಂಚದಿಂದ ಇಳಿಯಬೇಡಿರೆನ್ನುವುದು ವಿಚಿತ್ರವಲ್ಲವೇ?

ಕೆಲವು ಹಿರಿಯರು ತಾವಾಗಿಯೇ "ದೇವರ ಚಿತ್ತ, ಈ ಶಿಲುಬೆ ಹೊರಲೇಬೇಕು" ಎಂದು ಮುಖ ತಿರುಗಿಸಿ ಮಲಗುತ್ತಾರೆ. ಆ ಮಾತಿನ ಹಿಂದಿರುವ ಭಕ್ತಿಯನ್ನು ನಾವು ಗೌರವಿಸುತ್ತೇವೆ. ಆದರೆ 1992ರಲ್ಲಿ ಘೋಷಿತವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2288ನೆಯ ಪರಿಚ್ಛೇದ ದೇಹಾರೋಗ್ಯವನ್ನು ದೇವರು ಒಪ್ಪಿಸಿದ ಕೊಡುಗೆಯೆಂದೂ ಅದನ್ನು ತಕ್ಕಮಟ್ಟಿಗೆ ಕಾಪಾಡಿಕೊಳ್ಳುವುದು ನಮ್ಮ ಹೊಣೆಯೆಂದೂ ತಿಳಿಸುತ್ತದೆ. ಶಿಲುಬೆ ಹೊರುವವರು ಎದ್ದು ನಿಲ್ಲಬೇಕಷ್ಟೆ.

ಯಾವ ನರರೋಗವೂ ಇಲ್ಲದೆ ಕೇವಲ ವಯಸ್ಸಿನಿಂದ ಸೊರಗುವವರ ಸಂಖ್ಯೆ ಇವರೆಲ್ಲರಿಗಿಂತ ದೊಡ್ಡದು. ಅವರ ಇಳಿತವನ್ನು ನಮ್ಮ ದೇವಾಲಯಗಳಲ್ಲಿಯೇ ಓದಬಹುದು. ಹಳ್ಳಿಯ ದೇವಾಲಯದಲ್ಲಿ ಚಾಪೆಯ ಮೇಲೆ ಕೂರುತ್ತಿದ್ದ ಅಜ್ಜಿ ಒಂದು ಭಾನುವಾರ ಹಿಂದಿನ ಪ್ಲಾಸ್ಟಿಕ್ ಕುರ್ಚಿಗೆ ಹೋಗುತ್ತಾರೆ. ಮುಂದಿನ ವರ್ಷ ಮೊಣಕಾಲೂರುವುದು ನಿಲ್ಲುತ್ತದೆ. ಅನಂತರ ಮೆಟ್ಟಿಲು ಹತ್ತಲಾರದೆ ಹೊರಗಿನ ಜಗಲಿಯಲ್ಲಿ ಕೂತು ಪೂಜೆ ಆಲಿಸುತ್ತಾರೆ. ಬಳಿಕ ಹಬ್ಬಕ್ಕೆ ಮಾತ್ರ. ಕೊನೆಗೆ ತಿಂಗಳ ಮೊದಲ ಶುಕ್ರವಾರ ಗುರುಗಳೇ ಪರಮಪ್ರಸಾದವನ್ನು ಮನೆಗೆ ಒಯ್ಯುವವರ ಪಟ್ಟಿಗೆ ಅವರ ಹೆಸರು ಸೇರುತ್ತದೆ. ಇಷ್ಟಾಗಲು ನಾಲ್ಕೈದು ವರ್ಷ ಹಿಡಿಯುತ್ತದೆ. ಅಷ್ಟು ಕಾಲವೂ ಯಾರಾದರೂ ಅದನ್ನು ತಡೆಯಬಹುದಿತ್ತು.

ತಡೆಯುವ ಬಗೆ ಕಷ್ಟದ್ದಲ್ಲ. ಗೋಡೆಗೆ ಒತ್ತಿಟ್ಟ, ಕೈಗಳಿರುವ ಗಟ್ಟಿ ಕುರ್ಚಿಯಿಂದ ಎದ್ದು ನಿಲ್ಲುವುದು, ನಿಧಾನವಾಗಿ ಕೂರುವುದು. ಮೊದಲು ಕೈ ಊರಿ, ಬಲ ಬಂದಂತೆ ಕೈ ಊರದೆ. ಅಡಿಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಗೋಡೆಯ ಪಕ್ಕದಲ್ಲಿ ಒಂದು ಪಾದದ ಮುಂದೆ ಇನ್ನೊಂದನ್ನು ಇಟ್ಟು ನಡೆಯುವುದು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಸೂಚನೆಯಂತೆ 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆಯ ಜೊತೆಗೆ, ಕನಿಷ್ಠ ಮೂರು ದಿನ ಸಮತೋಲ ಮತ್ತು ಬಲದ ವ್ಯಾಯಾಮ ಮಾಡಬೇಕು. ಬೀಳುವ ಅಪಾಯವನ್ನು ಅಳೆಯಲು ಒಂದು ಸರಳ ಪರೀಕ್ಷೆಯೂ ಇದೆ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸಮಯ ಬೇಕೆಂದು ಗಡಿಯಾರ ನೋಡಿ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ವೈದ್ಯರಿಗೆ ತೋರಿಸಬೇಕು. ಪರೀಕ್ಷಿಸುವಾಗ ಒಬ್ಬರು ಪಕ್ಕದಲ್ಲೇ ಇರಲಿ.

ಇಷ್ಟೆಲ್ಲ ಮನೆಯಲ್ಲೇ ಆಗುವುದಾದರೆ ಫಿಸಿಯೋಥೆರಪಿಸ್ಟ್ ಏಕೆ ಎಂಬ ಪ್ರಶ್ನೆ ಏಳಬಹುದು. ಇದಕ್ಕೆ ಉತ್ತರವನ್ನು ನಮ್ಮ ದೇಶವೇ ಕಂಡುಕೊಂಡಿದೆ. ಭಾರತದ 14 ಆಸ್ಪತ್ರೆಗಳ 1,250 ಪಾರ್ಶ್ವವಾಯು ರೋಗಿಗಳನ್ನು ಸೇರಿಸಿಕೊಂಡ, 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅರ್ಧದಷ್ಟು ಮಂದಿಯ ಮನೆಯವರಿಗೆ ವ್ಯಾಯಾಮ ಮಾಡಿಸುವುದನ್ನು ಕಲಿಸಿಕೊಟ್ಟರು. ಉಳಿದವರಿಗೆ ಎಂದಿನ ಚಿಕಿತ್ಸೆ. ಆರು ತಿಂಗಳ ನಂತರ ನೋಡಿದರೆ ಎರಡು ಗುಂಪಿನಲ್ಲೂ ತೀರಿಕೊಂಡವರು ಮತ್ತು ಪರಾಧೀನರಾದವರು ಸೇರಿ ಶೇಕಡಾ 47. ವ್ಯತ್ಯಾಸವೇ ಇರಲಿಲ್ಲ. ಈ ಫಲಿತಾಂಶ ನಮಗೂ ಕಹಿಯೇ. ಮನೆಯವರ ಶ್ರಮ ವ್ಯರ್ಥವೆಂದು ಇದರ ಅರ್ಥವಲ್ಲ. ಒಮ್ಮೆ ಕಲಿಸಿ ಕೈತೊಳೆದುಕೊಂಡರೆ ಸಾಲದು ಎಂದು ನಾವು ತಿಳಿಯುತ್ತೇವೆ. ಯಾವ ಚಲನೆಯನ್ನು ಯಾವಾಗ ಹೆಚ್ಚಿಸಬೇಕು, ಯಾವುದನ್ನು ನಿಲ್ಲಿಸಬೇಕು ಎಂಬುದನ್ನು ಬಲ್ಲವರು ಬಂದು ನೋಡುತ್ತಿರಬೇಕು.

ಆ ಬಲ್ಲವರನ್ನು ತಲುಪುವುದೇ ನಮ್ಮ ಜಿಲ್ಲೆಯ ತೊಡಕು. ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನರ್ವಸತಿಗೆಂದೇ ವಿಭಾಗವಿದೆ. 1963ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ಸ್ಥಾಪಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲೂ ಇದೆ. ಅಂಗವಿಕಲರ ಸಂಘಟನೆಯಾದ ಎಪಿಡಿಯನ್ನು 1959ರಲ್ಲಿ ಆರಂಭಿಸಿದವರು ಸ್ವತಃ ಅಂಗವೈಕಲ್ಯವಿದ್ದ ಎನ್. ಎಸ್. ಹೇಮಾ ಅವರು. ಎಲ್ಲವೂ ನಗರದಲ್ಲಿ. ದೊಡ್ಡಬಳ್ಳಾಪುರದಿಂದ 40 ಕಿಲೋಮೀಟರು, ಎರಡು ಬಸ್ಸು, ಒಂದು ಆಟೋ. 2023ರ ಜೂನ್ 11ರಿಂದ ಜತೆಗೆ ಬರುವ ಸೊಸೆಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ ನಿಜ. ಆದರೆ ಅರ್ಧ ದೇಹ ಸೋತವರನ್ನು ಆ ಬಸ್ಸಿಗೆ ಹತ್ತಿಸುವುದು ಹೇಗೆ? ಮಗ್ಗದ ಕೆಲಸ, ತೋಟದ ಕೆಲಸ ಬಿಟ್ಟು ವಾರಕ್ಕೆರಡು ದಿನ ಯಾರು ಹೋಗುತ್ತಾರೆ? ಮೂರು ಸಲ ಹೋದವರು ನಾಲ್ಕನೆಯ ಸಲ ಹೋಗುವುದಿಲ್ಲ. ಅವರನ್ನು ದೂಷಿಸಲಾರೆವು.

ಆದುದರಿಂದ ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಯಾವ ದಿನ ಇದೆಯೆಂದು ವಿಚಾರಿಸಿ. 2010ರಲ್ಲಿ ಆರಂಭವಾದ ಹಿರಿಯರ ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮದ ಉದ್ದೇಶಗಳಲ್ಲಿ ಅದೂ ಒಂದು. ಇಲ್ಲವೆಂದರೆ ಏಕಿಲ್ಲವೆಂದು ಕೇಳುವ ಹಕ್ಕು ನಮಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಗುರುತಿಸಿದ 21 ಬಗೆಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯೂ ಸೇರಿದೆಯೆಂಬುದು ಅನೇಕರಿಗೆ ತಿಳಿದಿಲ್ಲ. ವೈದ್ಯಕೀಯ ಪರೀಕ್ಷೆಯ ನಂತರ ಅವರೂ ಗುರುತಿನ ಚೀಟಿ ಪಡೆಯಬಹುದು.

ಉಳಿದದ್ದನ್ನು ಧರ್ಮಕೇಂದ್ರಗಳು ಮಾಡಬಹುದೆಂದು ನಮಗನ್ನಿಸುತ್ತದೆ. ಫೆಬ್ರುವರಿ 11, ಲೂರ್ದು ಮಾತೆಯ ಹಬ್ಬ, ವಿಶ್ವ ರೋಗಿಗಳ ದಿನ. ಎರಡನೆಯ ಜಾನ್ ಪೌಲರು 1992ರಲ್ಲಿ ಸ್ಥಾಪಿಸಿದ ಈ ದಿನವನ್ನು 1993ರಿಂದ ಆಚರಿಸುತ್ತಿದ್ದೇವೆ. ಅಂದು ರೋಗಿಗಳ ಅಭ್ಯಂಗವಾಗುತ್ತದೆ, ಹಣ್ಣು ಹಂಚುತ್ತೇವೆ, ವಾಹನದಲ್ಲಿ ಮನೆಗೆ ಬಿಡುತ್ತೇವೆ. ಮರುದಿನ ಮಂಚವೇ ಗತಿ. ಅದೇ ದಿನ ಒಬ್ಬ ಫಿಸಿಯೋಥೆರಪಿಸ್ಟರನ್ನು ಕರೆಸಿ, ತಿಂಗಳಿಗೆ ಎರಡು ಸಲವಾದರೂ ಬರುವಂತೆ ಗೌರವಧನ ಗೊತ್ತುಮಾಡಿದರೆ ಹೇಗೆ? ವಿನ್ಸೆಂಟ್ ದೆ ಪೌಲ್ ಸಭೆಯವರು, ಮರಿಯಾ ಸೇನೆಯವರು ಹೇಗೂ ಮನೆಗಳಿಗೆ ಹೋಗುತ್ತಾರೆ. ಹೋದಾಗ ಹತ್ತು ನಿಮಿಷ ಕೂತು "ಅಜ್ಜಿ, ಎಲ್ಲಿ, ಒಂದ್ಸಲ ಎದ್ದು ತೋರ್ಸಿ" ಎನ್ನಬಹುದು. ಬೇರೆ ಮತಸ್ಥ ನೆರೆಹೊರೆಯವರಿಗೂ ಬಾಗಿಲು ತೆರೆದಿರಲಿ. ನೋಡಿಕೊಳ್ಳುವವರನ್ನೂ ಮರೆಯುವಂತಿಲ್ಲ: ಅತ್ತೆಯನ್ನು ಎತ್ತಿ ಇಳಿಸಿ ಸೊಂಟ ಕಳೆದುಕೊಂಡ ಸೊಸೆಯರಿದ್ದಾರೆ. ಬೆನ್ನು ಬಗ್ಗಿಸದೆ ಮಂಡಿ ಬಗ್ಗಿಸಿ, ರೋಗಿಯ ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿ ಎಬ್ಬಿಸುವ ಬಗೆಯನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು.

ಇದಕ್ಕೆ ಕಟ್ಟಡ ನಿಧಿ ಬೇಡ. ಧರ್ಮಕೇಂದ್ರದ ಸಭಾಂಗಣ, ಕೈಗಳಿರುವ ಹತ್ತು ಮರದ ಕುರ್ಚಿ, ಖಾಲಿ ಗೋಡೆ, ಬಣ್ಣದ ಟೇಪಿನ ಒಂದು ಸುರುಳಿ ಸಾಕು. ಮೊದಲ ದಿನ ಬರುವವರು ಹಿಂದಿನ ಆಸ್ಪತ್ರೆಯ ಚೀಟಿಗಳನ್ನೂ, ಮಾತ್ರೆ ತೆಗೆದುಕೊಳ್ಳುವ ವೇಳೆ ಬರೆದ ಕಾಗದವನ್ನೂ ತರಬೇಕು. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಇರಲಿ. ಮನೆಯಲ್ಲಿ ನೋಡಿಕೊಳ್ಳುವವರು ಯಾರೋ ಅವರೇ ಜತೆಗೆ ಬರಲಿ, ಬಿಡುವಾಗಿ ಇರುವವರಲ್ಲ.